ಹೊಳೆ ದಾಟುವ ಅಧ್ಯಾಯ

ಪರದೆಯ ಮೇಲೆ ನಾಯಕಿ ಮೊದಲ ಸಲ ನಕ್ಕಾಗಲೇ ಈ ಸಿನಿಮಾ ಕೆಟ್ಟುಹೋಯಿತು ಎಂದು ಸಗಿನ್‌ಗೆ ಖಾತ್ರಿಯಾಯಿತು. ಹಲ್ಲು! ಬೆಟ್ಟದ ಹುಲ್ಲುಗಾವಲಿನಲ್ಲಿ ಕುರಿ ಕಾಯುವವನ ಹೆಂಡತಿ, ಹುಟ್ಟಿದಾಗಿನಿಂದ ಕುರುತ್ ಕಡಿದು ಬೆಳೆದವಳು, ಕಲ್ಲಿನಂಥ ಆ ಒಣಮೊಸರಿನ ಉಂಡೆ ಎಂಥೆಂಥ ದವಡೆಗಳಿಗೆ ಏನೇನು ಗತಿ ಕಾಣಿಸುತ್ತದೆ ಎಂಬುದನ್ನು ನರಿನ್ ಊರಿನಲ್ಲಿ ಹಲ್ಲಿನ ಡಾಕ್ಟರಾದ ಅವನಷ್ಟು ಹತ್ತಿರದಿಂದ ನೋಡಿದವರು ಯಾರಿದ್ದಾರೆ, ಅಂಥವಳ ಬಾಯಲ್ಲಿ ಮೇಲೆ ಕೆಳಗೆ ಒಂದೇ ಅಳತೆಯ, ಒಂದೇ ಬಿಳುಪಿನ, ಈಗ ತಾನೇ ತಂದು ಕೂರಿಸಿದ ಹಾಗಿರುವ ಹಲ್ಲಿನ ಸಾಲು. ‘ಬಿಷ್ಕೆಕ್‌ನಲ್ಲಿ ಕಟ್ಟಿಸಿದ್ದು’ ಎಂದು ಪಕ್ಕದಲ್ಲಿದ್ದ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ‘ಶ್’ ಎಂದಳು. ಇನ್ನೊಂದು ಪಕ್ಕದಲ್ಲಿದ್ದ ಮುಕಾಶ್, ಶಾಲೆಯಲ್ಲಿ ಅವನ ಜೊತೆಗೇ ಓದಿ ಅದೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ‘ಲೋ, ಟಿಕೆಟ್ ಕೊಂಡಿರೋದು ಸಿನಿಮಾ ನೋಡೋಕೆ, ಅವಳ ಬಾಯಿ ಪರೀಕ್ಷೆ ಮಾಡೋಕಲ್ಲ’ ಎಂದ. ಸಾಂಸ್ಕೃತಿಕ ಭವನದ ಕುರ್ಚಿಗಳು ಕಿರುಗುಟ್ಟುತ್ತಿದ್ದವು. ಊರಿಗೆ ಊರೇ ಬಂದಿತ್ತು. ಕತೆ ಈ ಕಣಿವೆಯದು, ಬರೆದವರು ಈ ಕಣಿವೆಯವರು, ನಿರ್ದೇಶಕನ ತಾಯಿಯ ತವರೂ ಇಲ್ಲಿಯದೇ. ಇಷ್ಟೆಲ್ಲ ಇದ್ದೂ ಹಲ್ಲು ಹಾಗೆ.

ಸಿನಿಮಾಕ್ಕೆ ಮೂಲವಾದ ಆ ಪುಸ್ತಕ ಸಗಿನ್‌ಗೆ ಹೆಚ್ಚುಕಡಿಮೆ ಬಾಯಿಪಾಠ. ಇದು ಅವನ ರೋಗಿಗಳಿಗೆಲ್ಲ ಗೊತ್ತಿರುವ ಸಂಗತಿ, ಏಕೆಂದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರು ಎದ್ದು ಹೋಗುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ದವಡೆ ಮರಗಟ್ಟುವವರೆಗೆ ಒಂದು ಪುಟ, ಹುಳುಕು ಕೊರೆಯುವಾಗ ಇನ್ನೊಂದು, ಕಣ್ಣಲ್ಲಿ ನೀರು ಬಂದರೆ ಅದು ಕತೆಗೋ ನೋವಿಗೋ ಎಂದು ಅವನು ವಿಚಾರಿಸಲು ಹೋಗುತ್ತಿರಲಿಲ್ಲ. ಆದರೆ ಪುಸ್ತಕದ ನಿಜವಾದ ಜಾಗ ಮನೆಯಲ್ಲಿತ್ತು. ಮದುವೆಯಾದ ಹೊಸದರಲ್ಲಿ, ಅವ್ವ ಮಲಗಿದ ಮೇಲೆ ಒಲೆಯ ಪಕ್ಕ ಕುಳಿತು ಅವನು ಹೆಂಡತಿಗೆ ಓದಿ ಹೇಳುತ್ತಿದ್ದ. ಅವಳು ಉಣ್ಣೆ ನೂಲುತ್ತಲೋ, ಕಾಲುಚೀಲ ಹೆಣೆಯುತ್ತಲೋ ತಲೆ ತಗ್ಗಿಸಿ ಕೇಳುತ್ತಿದ್ದಳು. ಹೊಳೆ ದಾಟುವ ಅಧ್ಯಾಯ ಬಂದರೆ ಅವಳ ಕೈ ನಿಲ್ಲುತ್ತಿತ್ತು. ಆ ನಿಂತ ಕೈಯನ್ನು ಅವನು ಓದುತ್ತಲೇ ಓರೆಗಣ್ಣಿನಿಂದ ನೋಡಿ ಒಳಗೊಳಗೇ ಹಿಗ್ಗುತ್ತಿದ್ದ. ಬೇರೆ ಗಂಡಹೆಂಡಿರಿಗೆ ಏನೇನೋ ಇರುತ್ತದೆ, ಹಾಡು, ಜಗಳ, ಸಮುದ್ರತೀರದ ಫೋಟೋ. ತಮಗೆ ಇದಿದೆ. ಆಮೇಲೆ ಮಕ್ಕಳಾದರು, ಅವ್ವ ಹೋದಳು, ಹೆಂಡತಿ ಕೆಲಸ ಮಾಡುತ್ತಿದ್ದ ಟೆಲಿಫೋನ್ ಕಚೇರಿ ಮುಚ್ಚಿತು, ಪ್ರತಿ ಚಳಿಗಾಲವೂ ಪುಸ್ತಕ ಮಾತ್ರ ಒಲೆಯ ಪಕ್ಕಕ್ಕೆ ಬಂದೇ ಬರುತ್ತಿತ್ತು. ಇಂಥ ಮನುಷ್ಯನನ್ನು ಕೂರಿಸಿಕೊಂಡು ಎರಡು ಗಂಟೆಯಲ್ಲಿ ಎಲ್ಲ ಮುಗಿಸಿಬಿಡುತ್ತೇವೆ ಎನ್ನುವವರ ಧೈರ್ಯ ನೋಡಿ.

ಮುಂದಿನ ದೃಶ್ಯದಲ್ಲಿ ಔತಣ. ಕುರಿ ಕಡಿದಿದ್ದಾರೆ, ಹಿರಿಯರು ಡೇರೆಯಲ್ಲಿ ಸುತ್ತ ಕುಳಿತಿದ್ದಾರೆ, ಮಾಂಸದ ಹಂಚಿಕೆ ನಡೆದಿದೆ. ಯಾರಿಗೆ ಯಾವ ಮೂಳೆ ಎಂಬುದು ಕೂಸಿಗೂ ಗೊತ್ತಿರುವ ಲೆಕ್ಕ. ಅಲ್ಲಿ ಬಿಳಿಗಡ್ಡದ ಹಿರಿಯಜ್ಜನ ಮುಂದೆ ತಂದಿಟ್ಟದ್ದು ಎದೆಮೂಳೆ, ಅಳಿಯಂದಿರಿಗೆ ಕೊಡುವಂಥದ್ದು. ಸಭಾಂಗಣ ಗೊಳ್ಳೆಂದಿತು. ‘ಅಜ್ಜನಿಗೆ ಮದುವೆ ಗೊತ್ತಾಗಿದೆ ಕಣ್ರೋ’ ಎಂದು ಹಿಂದಿನಿಂದ ಯಾರೋ ಕೂಗಿದರು. ಸಗಿನ್‌ಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಸಂತೋಷವೇ ಆಯಿತು, ಸಿನಿಮಾ ಎಷ್ಟು ಕೆಟ್ಟದಾಗುತ್ತ ಹೋದರೆ ತನ್ನ ಪುಸ್ತಕ ಅಷ್ಟು ಭದ್ರ ಎಂಬ ಹಾಗೆ. ಈ ಸಂತೋಷ ಸಣ್ಣತನದ್ದು ಎಂದೂ ಅನ್ನಿಸಿ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದ. ಹೆಂಡತಿಯ ಕಡೆ ನೋಡಿದರೆ ಅವಳು ನಗುತ್ತಲೂ ಇಲ್ಲ, ಬೇಸರದಲ್ಲೂ ಇಲ್ಲ, ಮಡಿಲಲ್ಲಿ ಕೈಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಪರದೆಯನ್ನೇ ನೋಡುತ್ತಿದ್ದಳು. ಇವಳಿಗೂ ನನ್ನಂತೆಯೇ ಆ ಅಧ್ಯಾಯದ ದಿಗಿಲು, ಎಂದುಕೊಂಡ. ಪಾಪ, ಏನು ಮಾಡಿಬಿಡುತ್ತಾರೋ ಎಂದು ಕಾಯುತ್ತಿದ್ದಾಳೆ. ಅವಳ ಮೊಣಕೈಯನ್ನು ಮೆಲ್ಲಗೆ ಮುಟ್ಟಿದ. ಅವಳಿಗೆ ಗೊತ್ತಾದಂತೆ ಕಾಣಲಿಲ್ಲ.

ಪುಸ್ತಕದಲ್ಲಿ ಅದು ಹೀಗಿದೆ. ಅಣ್ಣಂದಿರ ಜೊತೆ ಜಗಳವಾಡಿ ಸೋತ ಜಾನಿಶ್ ಊರು ಬಿಟ್ಟು ಹೊಳೆಯಾಚೆ ಹೊರಟಿದ್ದಾನೆ. ಹೆಂಡತಿ ಸೋನುನ್ ದಡದಲ್ಲಿ ನಿಂತಿದ್ದಾಳೆ. ಹಿಂದಿನ ಕಾಲದ ಸೊಸೆ ಅವಳು. ಗಂಡನ ಹೆಸರನ್ನಾಗಲಿ ಅವನ ಕಡೆಯ ಹಿರಿಯರ ಹೆಸರನ್ನಾಗಲಿ ನಾಲಗೆಯ ಮೇಲೆ ತರುವಂತಿಲ್ಲ. ಸಗಿನ್‌ನ ಅವ್ವನೂ ಹಾಗೇ ಇದ್ದಳು, ಮಾವನ ಹೆಸರಿಗೂ ತೋಳಕ್ಕೂ ನಂಟಿತ್ತೆಂದು ಸಾಯುವವರೆಗೂ ತೋಳವನ್ನು ‘ಆ ಊಳಿಡೋದು’ ಎಂದೇ ಹೇಳಿದಳು. ಸೋನುನ್ ಗಂಡನ ಹೆಸರು ಕೂಗುವುದಿಲ್ಲ. ಕುದುರೆಯನ್ನು ಕರೆಯುತ್ತಾಳೆ. ‘ಕುಲಾ’ ಎನ್ನುತ್ತಾಳೆ, ಒಂದೇ ಸಲ, ಮೆಲ್ಲಗೆ. ನೀರಿನ ಸದ್ದಿನ ನಡುವೆ ಕುದುರೆ ಕಿವಿ ನಿಮಿರಿಸಿ ನಿಲ್ಲುತ್ತದೆ. ಜಾನಿಶ್ ತಿರುಗಿ ನೋಡುವುದಿಲ್ಲ. ಹಿಮ್ಮಡಿಯಿಂದ ಕುದುರೆಯ ಪಕ್ಕೆ ತಿವಿದು ಹೊಳೆಗೆ ಇಳಿಯುತ್ತಾನೆ. ಅಷ್ಟೇ. ಪ್ರೀತಿಯ ಬಗ್ಗೆ ಒಂದು ಅಕ್ಷರವಿಲ್ಲ, ಆದರೆ ಲೋಕದಲ್ಲಿ ಪ್ರೀತಿ ಅಂತ ಏನಾದರೂ ಇದ್ದರೆ ಅದು ಆ ಎರಡು ಪುಟಗಳಲ್ಲಿದೆ ಎಂದು ಸಗಿನ್ ನಂಬಿದ್ದ. ಕರೆಯದೆ ಇರುವ ಅವಳು, ತಿರುಗದೆ ಇರುವ ಅವನು. ಈಗ ಪರದೆಯ ಮೇಲೆ ಹೊಳೆ ಬಂತು, ಬೇಸಗೆಯ ಹೊಳೆ, ಮೊಣಕಾಲಿಗೂ ನೀರಿಲ್ಲ, ಹಿನ್ನೆಲೆಯಲ್ಲಿ ನೂರು ಪಿಟೀಲು. ಸೋನುನ್ ಓಡಿ ಬಂದಳು, ರುಮಾಲು ಬಿಚ್ಚಿ ಹಾರಿತು, ತುಂಬಿದ ಹಲ್ಲುಗಳ ಬಾಯಿ ತೆರೆದು ‘ಜಾನಿಶ್!’ ಎಂದು ಕೂಗಿದಳು. ಬೆಟ್ಟಗಳು ಅದನ್ನು ಮರಳಿ ಕೂಗಿದವು. ಮತ್ತೊಮ್ಮೆ ‘ಜಾನಿಶ್!’ ಎಂದಳು. ಆಗ ಯಾರೋ ಗಟ್ಟಿಯಾಗಿ ‘ಕೂಗಲ್ಲ ಅವಳು! ಕೂಗೋದೇ ಇಲ್ಲ!’ ಎಂದು ಅರಚಿದರು. ತಲೆಗಳೆಲ್ಲ ತನ್ನ ಕಡೆ ತಿರುಗಿದಾಗಲೇ ಅರಚಿದ್ದು ತಾನು ಎಂದು ಸಗಿನ್‌ಗೆ ತಿಳಿದದ್ದು.

ಎಲ್ಲರ ಮುಖವೂ ಒದ್ದೆಯಾಗಿತ್ತು. ಇದು ಅವನಿಗೆ ದೊಡ್ಡ ಅವಮಾನವೆನಿಸಿತು. ಮುಂದಿನ ಸಾಲಿನ ದಪ್ಪ ಹೆಂಗಸು, ಹೋದ ವಾರವಷ್ಟೇ ದವಡೆಹಲ್ಲು ಕೀಳಿಸಿಕೊಂಡವಳು, ಊದಿದ ಕೆನ್ನೆಯ ಮೇಲೆ ಕಣ್ಣೀರು ಸುರಿಸುತ್ತ ‘ಸುಮ್ನಿರಿ ಡಾಕ್ಟ್ರೇ, ನಿಮ್ಮ ಪುಣ್ಯ’ ಎಂದಳು. ಮುಕಾಶ್ ಅವನ ತೋಳು ಹಿಡಿದು ಕೂರಿಸಿದ. ಪರದೆಯ ಮೇಲೆ ಜಾನಿಶ್ ತಿರುಗಿದ, ಕುದುರೆ ತಿರುಗಿತು, ನೀರು ಚಿಮ್ಮಿತು, ಆಮೇಲೆ ಸಗಿನ್ ಏನನ್ನೂ ನೋಡಲಿಲ್ಲ. ಹೆಂಡತಿ ಅಳುತ್ತಿದ್ದಳು. ಒರೆಸಿಕೊಳ್ಳುವ ಗೋಜಿಗೂ ಹೋಗದೆ, ಚಿಕ್ಕ ಹುಡುಗಿಯರು ಅಳುವಂತೆ ಬಾಯಿ ಸ್ವಲ್ಪ ತೆರೆದುಕೊಂಡು ಅಳುತ್ತಿದ್ದಳು. ಅವನಿಗೆ ಒಂದು ಬಗೆಯ ಸಮಾಧಾನವಾಯಿತು. ಇಷ್ಟು ಜನರ ನಡುವೆ ಇವಳೊಬ್ಬಳು ಸರಿಯಾದ ಕಾರಣಕ್ಕೆ ಅಳುತ್ತಿದ್ದಾಳೆ. ನಮ್ಮ ಪುಸ್ತಕವನ್ನು ಹಾಳುಮಾಡಿದರು ಎಂದು ಅಳುತ್ತಿದ್ದಾಳೆ.

ಸಿನಿಮಾ ಮುಗಿದ ಮೇಲೆ ಚಹಾ, ಬೋರ್ಸೋಕ್, ಆಮೇಲೆ ನಿರ್ದೇಶಕನ ಜೊತೆ ಮಾತುಕತೆ ಎಂದು ಬಾಗಿಲಲ್ಲಿ ಅಂಟಿಸಿದ್ದರು. ಮೊಗಸಾಲೆಯಲ್ಲಿ ಜನ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಸಿಬಿಸಿ ಬೋರ್ಸೋಕ್‌ಗಳನ್ನು ಬಾಯಿಗೆಸೆದುಕೊಳ್ಳುತ್ತ ‘ಎಷ್ಟು ಚೆನ್ನಾಗಿತ್ತಲ್ವಾ’ ಎನ್ನುತ್ತಿದ್ದರು. ಮುಕಾಶ್ ಬಟ್ಟಲು ಹಿಡಿದು ಬಂದ. ‘ಏನಪ್ಪಾ, ಸಿನಿಮಾದಲ್ಲಿ ನಿನಗೂ ಪಾರ್ಟು ಕೊಟ್ಟಿದ್ದಾರೆ ಅಂತ ಹೇಳಲೇ ಇಲ್ಲ. ಒಂದೇ ಡೈಲಾಗು, ಆದ್ರೆ ಒಳ್ಳೇ ಜಾಗದಲ್ಲಿ ಹೇಳ್ದೆ.’

‘ನಗು ನಗು. ಈಗ ಒಳಗೆ ಹೋಗಿ ಮಾತಾಡ್ತೀನಲ್ಲ, ಆಗ ಗೊತ್ತಾಗುತ್ತೆ.’

‘ಬಿಡೋ, ಹುಡುಗ ಅವನು. ತಾಯಿ ತವರಿಗೆ ಬಂದಿದ್ದಾನೆ. ಹರಸಿ ಕಳಿಸೋದು ಬಿಟ್ಟು...’

‘ಪುಸ್ತಕಕ್ಕೆ ಯಾರೂ ಇಲ್ವಾ ಹಾಗಾದ್ರೆ?’ ಎಂದ ಸಗಿನ್. ಹೆಂಡತಿ ಕಿಟಕಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಮುಖ ತೊಳೆದು ಬಂದಿದ್ದಳು, ಹಣೆಯಂಚಿನ ಕೂದಲು ಇನ್ನೂ ಹಸಿಯಾಗಿತ್ತು. ‘ಬೈಬಿಚೆ, ಚಹಾ ಕುಡಿ’ ಎಂದು ಬಟ್ಟಲು ಕೊಟ್ಟ. ವಯಸ್ಸಾದ ಹೆಂಡತಿಯರನ್ನು ಊರಿನ ಗಂಡಂದಿರೆಲ್ಲ ಕರೆಯುವ ಹಾಗೆ ಅವನೂ ಕರೆಯುವುದು. ಅವಳು ತೆಗೆದುಕೊಂಡಳು. ‘ಮಾತಾಡ್ತೀರಾ ನೀವು?’ ಎಂದು ಕೇಳಿದಳು.

‘ಮಾತಾಡದೆ ಬಿಡ್ತೀನಾ? ಇಬ್ಬರ ಪರವಾಗಿ ಮಾತಾಡ್ತೀನಿ.’

ಅವಳು ಏನೋ ಹೇಳಲು ಹೋಗಿ ಚಹಾ ಕುಡಿದಳು.

ನಿರ್ದೇಶಕ ಎರ್ಮೆಕ್ ಸೊಗಸಾದ ಹುಡುಗ. ಸಗಿನ್‌ಗೆ ಅವನನ್ನು ದ್ವೇಷಿಸಬೇಕೆಂದಿತ್ತು, ಆದರೆ ಅವನು ವೇದಿಕೆ ಹತ್ತುವ ಮೊದಲು ಮೊದಲ ಸಾಲಿನ ಮುದುಕರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಿಡಿದು ಮಾತಾಡಿಸಿದ. ಎದೆಮೂಳೆಯ ವಿಷಯ ಬಂದಾಗ ಕಿವಿ ಹಿಡಿದುಕೊಂಡು ‘ತಪ್ಪಾಯ್ತು, ಚಿತ್ರೀಕರಣದಲ್ಲಿ ಎಲ್ಲರಿಗೂ ಹಸಿವಾಗಿತ್ತು, ಸಿಕ್ಕಿದ್ದು ಇಟ್ಟುಬಿಟ್ವಿ’ ಎಂದ. ಜನ ಚಪ್ಪಾಳೆ ತಟ್ಟಿದರು. ಇಂಥವನ ಮೇಲೆ ಸಿಟ್ಟು ಮಾಡುವುದು ಕಷ್ಟ. ಸಗಿನ್ ಎದ್ದು ನಿಂತ, ಮೈಕು ಕೈಯಿಂದ ಕೈಗೆ ದಾಟಿ ಬಂತು. ಮೊದಲು ಹಲ್ಲಿನ ವಿಷಯ ಹೇಳಿದ, ನಾಯಕಿಯ ಹಲ್ಲಿನ ಬೆಲೆಗೆ ಆ ಕಾಲದಲ್ಲಿ ಒಂದು ಹಿಂಡು ಕುರಿ ಬರುತ್ತಿತ್ತು ಎಂದ. ನಕ್ಕರು. ನಕ್ಕದ್ದು ಕೇಳಿ ಅವನಿಗೆ ಧೈರ್ಯ ಬಂತು. ಆಮೇಲೆ ಹೊಳೆಗೆ ಬಂದ. ಕುದುರೆಯನ್ನು ಕರೆಯುವುದನ್ನು ಹೇಳಿದ, ಅದರ ಕಿವಿ ನಿಮಿರುವುದನ್ನು ಹೇಳಿದ. ಯಾವತ್ತೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದು ಅವನಿಗೇ ಅನ್ನಿಸಿತು, ಕೇಳುವವರು ಬಾಯಿ ಮುಚ್ಚಿಕೊಂಡು ಕೂತಿದ್ದರಿಂದಲೋ ಏನೋ. ‘ಕೂಗಿದರೆ ಏನು ಉಳೀತು ಹೇಳಿ? ಕೂಗೋದು ಯಾರಿಗೆ ಬರೋಲ್ಲ? ಅವಳ ಪ್ರೀತಿ ಇರೋದೇ ಆ ಮೌನದಲ್ಲಿ.’

‘ಸಗಿನ್ ಬೈಕೆ’ ಎಂದ ಎರ್ಮೆಕ್, ಅಣ್ಣನನ್ನು ಕರೆಯುವ ಗೌರವದಿಂದ, ‘ನೀವು ಹೇಳೋದು ಕೇಳ್ತಿದ್ರೆ ನನಗೇ ಅಳು ಬರುತ್ತೆ. ಆದ್ರೆ ನಾನು ಮಾಡುವಾಗ ಅವಳ ಬಾಯಿ ಮುಚ್ಚಿಡೋಕೆ ಆಗಲಿಲ್ಲ. ಏನು ಮಾಡ್ಲಿ?’

‘ಅದು ನಿನ್ನ ವಯಸ್ಸು ಹೇಳಿಸೋ ಮಾತು’ ಎಂದ ಸಗಿನ್. ಈಗ ಅವನು ಗೆಲ್ಲುವ ಹುಮ್ಮಸ್ಸಿನಲ್ಲಿದ್ದ. ‘ಗಂಡಸರ ಮಾತು ಬಿಡು. ನನ್ನ ಮನೆಯವಳು ಇಲ್ಲೇ ಇದ್ದಾಳೆ. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಓದಿದ ಪುಸ್ತಕ ಇದು. ಸಿನಿಮಾ ನೋಡ್ತಾ ಎಷ್ಟು ಅತ್ಲು ಅಂತ ನಾನು ಕಣ್ಣಾರೆ ಕಂಡಿದ್ದೀನಿ. ಅವಳನ್ನೇ ಕೇಳು. ಪ್ರೀತಿಸೋ ಹೆಂಗಸು ಹಾಗೆ ಕೂಗ್ತಾಳಾ ಅಂತ ಅವಳೇ ಹೇಳ್ತಾಳೆ.’ ಹೀಗೆಂದು ಮೈಕನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟ.

ಅವಳು ಬೇಡವೆಂದು ತಲೆಯಾಡಿಸಿದಳು. ‘ಹೇಳಿ ಎಜೆ, ಹೇಳಿ ಅಕ್ಕಾ’ ಎಂದು ಎಲ್ಲ ಕಡೆಯಿಂದ ಕೂಗಿದರು. ‘ನಿಮ್ಮ ಹೆಸರೇನು, ಎಜೆ?’ ಎಂದು ಎರ್ಮೆಕ್ ವಿನಯದಿಂದ ಕೇಳಿದ. ‘ನಾನು ಡಾಕ್ಟರ ಮನೆಯವಳು’ ಎಂದಳು. ಮೈಕಿನಲ್ಲಿ ತನ್ನ ಧ್ವನಿ ಕೇಳಿ ಬೆಚ್ಚಿ, ಅದನ್ನು ಬಾಯಿಂದ ಸ್ವಲ್ಪ ದೂರ ಹಿಡಿದಳು. ‘ನನಗೆ ಹೀಗೆಲ್ಲ ನಿಂತು ಮಾತಾಡಿ ರೂಢಿ ಇಲ್ಲ. ನಮ್ಮ ಮನೇಲಿ ಇವರು ಈ ಪುಸ್ತಕ ಎಷ್ಟು ಸಲ ಓದಿದಾರೋ ನನಗೆ ಗೊತ್ತಿಲ್ಲ. ಪ್ರತೀ ಸಲ ಹೊಳೆ ಹತ್ರ ಬಂದಾಗ ನಾನು ಅಂದ್ಕೋತಿದ್ದೆ, ಈ ಸಲ ಕೂಗ್ತಾಳೆ, ಈ ಸಲ ಕೂಗ್ತಾಳೆ ಅಂತ. ಅಚ್ಚಾಗಿರೋ ಪುಸ್ತಕ, ಬದಲಾಗುತ್ತಾ? ನನ್ನ ಹುಚ್ಚು. ಕುದುರೆಯನ್ನ ಕರೀತಿದ್ಲು. ಕುದುರೆ ನಿಲ್ತಿತ್ತು, ಅದರ ಮೇಲಿದ್ದವನು ನಿಲ್ತಿರಲಿಲ್ಲ. ನನಗೆ ಎಷ್ಟು ಸಿಟ್ಟು ಬರ್ತಿತ್ತು ಅಂದ್ರೆ ಕೈ ಕೆಲಸಾನೇ ನಿಂತುಹೋಗ್ತಿತ್ತು.’ ಯಾರೋ ನಕ್ಕರು. ಅವಳು ನಗಲಿಲ್ಲ. ‘ಸಿನಿಮಾ ಅಷ್ಟೇನೂ ಚೆನ್ನಾಗಿಲ್ಲಪ್ಪ. ಹಿರಿಯರಿಗೆ ಎದೆಮೂಳೆ ಕೊಡಬಾರ್ದಿತ್ತು. ಆದ್ರೆ ಆ ಹುಡುಗಿ ಇವತ್ತು ಕೂಗಿದ್ಲಲ್ಲ, ನನಗೆ ಅಷ್ಟು ಸಾಕು. ನಿನಗೆ ರಹ್ಮತ್ ಮಗಾ, ದೊಡ್ಡ ಉಪಕಾರ.’ ಚಪ್ಪಾಳೆಗೆ ಚಾವಣಿ ಹಾರಿಹೋಗುವಂತಾಯಿತು. ದವಡೆ ಊದಿದ ಹೆಂಗಸಂತೂ ಎದ್ದು ನಿಂತು ತಟ್ಟಿದಳು. ಸಗಿನ್ ತಾನೂ ತಟ್ಟಬೇಕೋ ಬೇಡವೋ ತಿಳಿಯದೆ ಒಂದೆರಡು ಸಲ ತಟ್ಟಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಆ ನಿಂತ ಕೈ! ಅಷ್ಟು ಚಳಿಗಾಲ ಅದನ್ನು ನೋಡಿ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು.

ಹೊರಗೆ ಇನ್ನೂ ಬಿಸಿಲಿತ್ತು. ಗಾಳಿ ತಣ್ಣಗಿತ್ತು. ಜನ ಬಂದು ಬಂದು ಅವಳ ಕೈ ಕುಲುಕಿ ‘ಚೆನ್ನಾಗಿ ಹೇಳಿದ್ರಿ ಎಜೆ’ ಎನ್ನುತ್ತಿದ್ದರು, ಅವನಿಗೆ ‘ಡಾಕ್ಟ್ರೇ, ಹುಷಾರು’ ಎಂದು ಕಣ್ಣು ಹೊಡೆಯುತ್ತಿದ್ದರು. ಮುಕಾಶ್ ಮಾತ್ರ ಏನೂ ತಮಾಷೆ ಮಾಡದೆ ಬೆನ್ನು ತಟ್ಟಿ ಹೊರಟುಹೋದ. ಅದು ಇನ್ನೂ ಕೆಟ್ಟದೆನಿಸಿತು. ಇಬ್ಬರೂ ಸೇತುವೆಯ ಕಡೆ ನಡೆದರು. ಸಗಿನ್‌ಗೆ ಸಿಟ್ಟು ಬಂದಿದೆಯೋ ಇಲ್ಲವೋ ಅವನಿಗೇ ಗೊತ್ತಾಗುತ್ತಿರಲಿಲ್ಲ. ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಹೋಗುವಂತೆ ಮನಸ್ಸು ಒಲೆಯ ಪಕ್ಕಕ್ಕೇ ಹೋಗುತ್ತಿತ್ತು. ‘ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಎಂದ.

‘ಯಾವಾಗ ಹೇಳ್ಲಿ? ನೀವು ಓದ್ತಿದ್ರಿ.’

‘ಓದಿ ಮುಗಿಸಿದ ಮೇಲೆ?’

‘ಮುಗಿಸಿದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸ್ಕೋತಿದ್ರಿ. ಅಂಥ ಹೊತ್ತಲ್ಲಿ ಏನು ಹೇಳೋದು ನಾನು?’

ಅದು ನಿಜವೇ ಆಗಿತ್ತು. ಅವನಿಗೆ ನಗು ಬಂತು, ಬಂದ ಹಾಗೇ ಹೋಯಿತು. ಅವಳು ನಡೆಯುತ್ತಲೇ ಹೇಳಿದಳು, ಹವೆಯ ಬಗ್ಗೆ ಹೇಳುವಂಥ ಸರಾಗದಲ್ಲಿ, ‘ನೀವು ಓಶ್‌ಗೆ ಓದೋಕೆ ಹೋದ್ರಲ್ಲ, ದೊಡ್ಡವಳು ಇನ್ನೂ ಹೊಟ್ಟೇಲಿದ್ದಾಗ. ನಾನು ಬಸ್ಸಿನ ಹತ್ರ ನಿಂತಿದ್ದೆ. ನೀವು ಕಿಟಕಿ ಕಡೆ ತಿರುಗಲೇ ಇಲ್ಲ.’

ಸಗಿನ್ ನಿಂತುಬಿಟ್ಟ. ಆ ಬೆಳಗ್ಗೆ ಅವನಿಗೆ ಚೆನ್ನಾಗಿ ನೆನಪಿತ್ತು, ಅವನ ಬದುಕಿನ ಅತ್ಯಂತ ಸುಂದರವಾದ ಬೆಳಗ್ಗೆ ಅದು. ಕತ್ತು ತಿರುಗಿಸಬಾರದೆಂದು ಹಲ್ಲು ಕಚ್ಚಿ ಕುಳಿತಿದ್ದ, ಎದುರಿನ ಸೀಟು ಕಣ್ಣೀರಿನಲ್ಲಿ ಮಸುಕಾಗಿತ್ತು, ಹೊರಗೆ ನಿಂತವಳಿಗೆ ಎಲ್ಲ ಅರ್ಥವಾಗುತ್ತಿದೆ, ಆ ಎರಡು ಪುಟಗಳನ್ನು ಇಬ್ಬರೂ ಈಗ ಒಟ್ಟಿಗೆ ಬದುಕುತ್ತಿದ್ದೇವೆ ಎಂದು ಎದೆ ಉಬ್ಬಿತ್ತು. ‘ಅದು ಜಾನಿಶ್ ಹಾಗೆ...’ ಎಂದ. ಮುಂದಕ್ಕೆ ಹೇಳಲು ನಾಚಿಕೆಯಾಯಿತು.

‘ಹಾಂ, ಇವತ್ತು ನೀವು ಅಲ್ಲಿ ಹೇಳ್ತಿದ್ದಾಗ ನನಗೂ ಹೊಳೀತು. ಆವತ್ತು ಮಾತ್ರ ನಿಮಗೆ ಸಿಟ್ಟು ಅಂದ್ಕೊಂಡೆ. ದಾರಿಗೆ ರೊಟ್ಟಿ ಕಟ್ಟಿಟ್ಟು ಮನೇಲೇ ಮರೆತು ಬಂದಿದ್ದೆ ನಾನು. ರೊಟ್ಟಿಗೆ ಇಷ್ಟು ಸಿಟ್ಟಾ ಅಂತ ಆ ಚಳಿಗಾಲ ಪೂರ್ತಿ ಯೋಚನೆ ಮಾಡಿದ್ದೀನಿ.’ ಅವಳು ನಕ್ಕಳು. ಕೊಂಕಿನ ನಗುವಲ್ಲ, ನಿಜವಾಗಿಯೂ ನಗು ಬಂದಿತ್ತು. ‘ಸಿನಿಮಾದಲ್ಲಿ ಅವನು ವಾಪಸು ಬರಬೇಕಾಗೇನೂ ಇರಲಿಲ್ಲ ಅಂತೀನಿ. ಈ ಹುಡುಗ ಅದನ್ನ ಸುಮ್ನೆ ಮಾಡಿದ. ತಿರುಗಿ ನೋಡಿದ್ರೆ ಸಾಕಿತ್ತು. ಆಮೇಲೆ ಹೋಗ್ಲಿ ಬೇಕಾದ್ರೆ. ನೀವು ಇಲ್ಲೇ ಇರಿ, ರಾತ್ರಿಗೆ ಸಮ್ಸಾ ತಗೊಂಡು ಬರ್ತೀನಿ.’

ಅವಳು ರಸ್ತೆ ದಾಟಿ, ಮಾಂಸದ ಸಮ್ಸಾ ಬೇಯುತ್ತಿದ್ದ ತಂದೂರಿನ ಮುಂದಿನ ಸಾಲಿನಲ್ಲಿ ನಿಂತಳು. ಅವನು ಸೇತುವೆಯ ಕಂಬಿ ಹಿಡಿದು ನಿಂತ. ಕೆಳಗೆ ಹೊಳೆ ತನ್ನ ಪಾಡಿಗೆ ಗದ್ದಲ ಮಾಡುತ್ತಿತ್ತು. ಏನಾದರೂ ಹೇಳಬೇಕು, ಈಗಲೇ ಹೇಳಬೇಕು, ಅವಳು ಸಮ್ಸಾ ಕಟ್ಟಿಸಿಕೊಂಡು ಬಂದ ಮೇಲೆ ಮಾತು ಈರುಳ್ಳಿ, ಮೆಣಸು, ಮಗಳ ಫೋನು ಎಂದು ಎಲ್ಲಿಗೋ ಹೋಗಿಬಿಡುತ್ತದೆ. ತಪ್ಪಾಯಿತು ಎನ್ನುವುದೇ, ರೊಟ್ಟಿಯ ವಿಷಯ ನನಗೆ ಗೊತ್ತೇ ಇರಲಿಲ್ಲ ಎನ್ನುವುದೇ, ಅದೂ ತಿಳಿಯದು. ಮೊದಲು ಅವಳು ಈ ಕಡೆ ತಿರುಗಬೇಕು. ‘ಬೈಬಿಚೆ’ ಎಂದು ಬಾಯಿಗೆ ಬಂದದ್ದನ್ನು ನುಂಗಿದ, ಹಾಗೆ ಕೂಗಿದರೆ ಸಾಲಿನಲ್ಲಿರುವ ಅರ್ಧ ಹೆಂಗಸರು ತಿರುಗಿಯಾರು. ಅವಳ ಹೆಸರನ್ನು ತಾನು ಕೊನೆಯ ಸಲ ಗಟ್ಟಿಯಾಗಿ ಹೇಳಿದ್ದು ಮದುವೆಯ ನೋಂದಣಿಯಲ್ಲಿ, ಮೇಜಿನ ಆಚೆಯ ಅಧಿಕಾರಿ ಕೇಳಿದಾಗ. ಎಂಥ ಚಂದದ ಹೆಸರು, ಮನೆಯಲ್ಲಿಟ್ಟುಕೊಂಡು ಬಳಸದೆ ಬಿಟ್ಟದ್ದು. ಕಂಬಿ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ಅದನ್ನು ಕೂಗಿದ.

‘ಉಮ್‌ಸುನೈ!’

ಹೋಗುತ್ತಿದ್ದ ಒಬ್ಬಿಬ್ಬರು ತಿರುಗಿ ನೋಡಿದರು. ಅವಳು ನೋಡಲಿಲ್ಲ. ನಾಚಿಕೆ ಬಿಟ್ಟು ಇನ್ನೂ ಗಟ್ಟಿಯಾಗಿ ಕೂಗಿದ. ಸಮ್ಸಾ ಮಾರುವವಳು ತಂದೂರಿನಿಂದ ತಲೆಯೆತ್ತಿ, ಇತ್ತ ನೋಡಿ, ‘ಎಜೆ, ಆ ಕಡೆಯಿಂದ ಯಾರೋ ಕರೀತಿದ್ದಾರೆ’ ಎಂದಳು.

‘ನನ್ನನ್ನಲ್ಲಮ್ಮ’ ಎಂದಳು ಅವನ ಹೆಂಡತಿ, ಚೀಲದ ಬಾಯಿ ಅಗಲಿಸಿ ಹಿಡಿಯುತ್ತ, ‘ಆ ಕೆಂಪಗೆ ಬೆಂದಿರೋದು ನೋಡಿ ಹಾಕು.’